ಚಾಚಾನ ಕೈ, ನನ್ನ ವರ್ಣಮಾಲೆ

ನಾನು ಮಾಡಿದ ದೊಡ್ಡ ತಪ್ಪುಗಳೆಲ್ಲ ಭಾಳ ಎಚ್ಚರಿಕೆಯಿಂದ ಮಾಡಿದವು. ಬೇಫಿಕೀರಾಗಿ ಮಾಡಿದ್ದು ಒಂದೂ ನೆನಪಿಗೆ ಬರುವುದಿಲ್ಲ. ಬಸ್ಸಿಗೆ ಅರ್ಧ ತಾಸು ಮೊದಲೇ ಹೋಗಿ ನಿಲ್ಲುವವನು ನಾನು. ಬಸ್ಸು ಬಂದಮೇಲೆ ಇದು ನಮ್ಮದೇ ಹೌದೋ ಅಲ್ಲೋ ಎಂದು ಮೂವರನ್ನು ಕೇಳುತ್ತೇನೆ. ಮೂವರೂ ಹೌದೆಂದರೆ, ಮೂವರೂ ಕೂಡಿಯೇ ತಪ್ಪಿರಬಹುದಲ್ಲ ಎಂಬ ಚಿಂತೆ ಹತ್ತುತ್ತದೆ. ನನ್ನ ಹೆಂಡತಿ ಇದನ್ನು ಬಂದವರಿಗೆಲ್ಲ ಚಹಾದ ಸಂಗಡ ಹೇಳುತ್ತಾಳೆ.

ಗಜೇಂದ್ರಗಡದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವುದು ನನ್ನ ಉದ್ಯೋಗ. ಹೊಸದಾಗಿ ನೌಕರಿಗೆ ಸೇರಿದಾಗ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸುವ ಕೆಲಸವನ್ನು ಹೆಡ್‌ಮಾಸ್ತರರು ನನಗೆ ಹಚ್ಚಿದ್ದರು. ಪ್ರಶ್ನೆ ಹೊರಗೆ ಹೋದೀತೆಂದು ಇಡೀ ದಿನ ಪ್ರೆಸ್ಸಿನಲ್ಲಿ ಸ್ಟೂಲು ಹಾಕಿಕೊಂಡು ಕೂತುಬಿಡುವ ಮಾಸ್ತರ ನಾನೊಬ್ಬನೇ ಅಂತೆ. ಹಾಗೆ ಕೂತು ಕೂತು ಪ್ರೆಸ್ಸಿನ ಚಾಚಾ ನನಗೆ ಆಪ್ತರಾದರು. ನೇಕಾರರ ಓಣಿ ಮುಗಿದು ಪೇಟೆ ಸುರುವಾಗುವಲ್ಲಿ ಅವರ ಪ್ರೆಸ್ಸು. ಲಗ್ನಪತ್ರಿಕೆ, ಉರುಸಿನ ಹ್ಯಾಂಡ್‌ಬಿಲ್ಲು, ಬೀಜದಂಗಡಿಯ ಜಾಹೀರಾತು, ಯಾರಾದರೂ ತೀರಿಕೊಂಡರೆ ದಿನಕರ್ಮದ ಕಾರ್ಡು, ಎಲ್ಲ ಅಲ್ಲೇ ಆಗುತ್ತಿದ್ದವು. ಕಂಪ್ಯೂಟರು ಬಂದಮೇಲೆ ನಿಂತಿತು. ಈಗ ಮುಂದಿನ ಅರ್ಧದಲ್ಲಿ ಮೊಬೈಲ್ ಅಂಗಡಿ ಇದೆ. ಹಿಂದಿನ ಅರ್ಧದಲ್ಲಿ ಕಾಲಿನಿಂದ ತುಳಿಯುವ ಆ ಕಬ್ಬಿಣದ ಮಷೀನು ಗೋಣಿತಟ್ಟು ಹೊದ್ದುಕೊಂಡು ನಿಂತಿದೆ.

ಎರಡು ವರ್ಷದ ಹಿಂದೆ ಚಾಚಾನ ಕಣ್ಣಿಗೆ ತೊಂದರೆ ಸುರುವಾಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ತೋರಿಸಿದರು. ಒಳಗಿನ ನರಗಳು ಒಣಗುತ್ತಿವೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಹೇಳಿದರಂತೆ. ಕೊಳವೆಯೊಳಗಿಂದ ನೋಡಿದಂಗ ಕಾಣತೈತಿ, ಆಜೂಬಾಜೂ ಎಲ್ಲಾ ಕತ್ತಲಿ ಅಂತ ಅವರೇ ನನಗೆ ವಿವರಿಸಿದ್ದರು. ಹೇಳುವಾಗ ಅವರ ದನಿಯಲ್ಲಿ ಅಳುಕೇನೂ ಇರಲಿಲ್ಲ. ನಾನು ಮಾತ್ರ ಮನೆಗೆ ಬಂದು ಒಂದು ವಾರ ನನ್ನ ಕಣ್ಣನ್ನೇ ಪರೀಕ್ಷೆ ಮಾಡಿಕೊಂಡೆ.

ಹೋದ ವರ್ಷ ರೋಣದ ಒಂದು ವಾಚನಾಲಯದವರು ಹಳೆಯ ಕಸುಬುಗಳನ್ನು ಜನರಿಗೆ ತೋರಿಸಬೇಕೆಂದು ಹೊರಟರು. ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವವರು ಯಾರಾದರೂ ಉಳಿದಿದ್ದಾರೆಯೇ ಎಂದು ನನ್ನನ್ನು ಕೇಳಿದರು. ಒಂದು ಭಾನುವಾರ ರೋಣದಲ್ಲಿ, ಹದಿನೈದು ದಿನ ಬಿಟ್ಟು ನರಗುಂದದಲ್ಲಿ. ನಾನು ಹೋಗಿ ಚಾಚಾಗೆ ಹೇಳಿದೆ. ಮೂರು ಸಲ ಒಲ್ಲೆ ಅಂದರು. ನಾಲ್ಕನೇ ಸಲಕ್ಕೆ, "ಜನಾ ಬರತಾರೇನ್ರಿ ಮಾಸ್ತರ?" ಎಂದು ಕೇಳಿದರು. ಬರುತ್ತಾರೆ ಅಂದೆ. "ಕಣ್ಣ ಇರೂತನಕ ನಾಕು ಮಂದಿ ಕೈಯಾಗ ಸ್ಟಿಕ್ ಹಿಡಿಸಬೇಕು. ಆಮ್ಯಾಲ ನಾ ಕಂಪೋಜಿಟರ್ ಇದ್ದೆ ಅಂದ್ರ ಯಾರ ನಂಬತಾರ?" ಅಂದರು. ಸ್ಟಿಕ್ ಅಂದರೆ ಎಡಗೈಯಲ್ಲಿ ಹಿಡಿದು ಸಾಲು ಜೋಡಿಸುವ ಕಬ್ಬಿಣದ ಸಣ್ಣ ತಟ್ಟೆ.

ಅವರಿಗೆ ಬೇಕಾಗಿದ್ದು ಅಷ್ಟೇ. ಅಲ್ಲಿಂದ ಮುಂದೆ ಚಿಂತೆ ಮಾಡುವ ಕೆಲಸ ನನ್ನದಾಯಿತು.

ಮಷೀನು ಒಯ್ಯುವುದು ಸಾಧ್ಯವಿರಲಿಲ್ಲ. ಪ್ರೂಫ್ ತೆಗೆಯುವ ಸಣ್ಣ ಕೈಪ್ರೆಸ್ಸು, ಶಾಯಿ, ರೋಲರು, ಮತ್ತು ಒಂದು ಜೋಡಿ ಕೇಸು ಒಯ್ಯುವುದೆಂದಾಯಿತು. ಕೇಸು ಅಂದರೆ ಮೊಳೆಗಳನ್ನಿಡುವ ಅಗಲವಾದ ಕಟ್ಟಿಗೆಯ ತಟ್ಟೆ. ಒಳಗೆಲ್ಲ ಸಣ್ಣ ದೊಡ್ಡ ಖಾನೆಗಳು. ಅಕ್ಷರಕ್ಕೊಂದು, ಗುಣಿತಕ್ಕೊಂದು, ಒತ್ತಿಗೊಂದು. ಚಾಚಾ ಕೀಲಿಕೈ ನನ್ನ ಕೈಗೆ ಕೊಟ್ಟು, ಧೂಳು ಜಾಡಿಸಿ ಇಡ್ರಿ ಎಂದು ಹೇಳಿ, ಚಾಚಿಯನ್ನು ಕರೆದುಕೊಂಡು ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋದರು. ಅಲ್ಲಿ ಮಗಳ ಮನೆಯಲ್ಲಿ ನಾಲ್ಕು ದಿನ ನಿಂತರು.

ಆ ನಾಲ್ಕು ದಿನ ದಸರಾ ರಜೆ. ಕೇಸುಗಳನ್ನು ಮನೆಗೆ ತಂದು ನೋಡಿದೆ. ಖಾನೆಗಳಲ್ಲಿ ಜೇಡರ ಬಲೆ, ಹಲ್ಲಿಯ ತತ್ತಿ, ಒಂದು ಬೀಡಿಯ ತುಂಡು. ಮೊಳೆಗಳೋ, ಯಾವ ಧರ್ಮಕ್ಕೂ ಸೇರದ ಕ್ರಮದಲ್ಲಿದ್ದವು. ರ ಇದ್ದಲ್ಲಿ ಪಕ್ಕಕ್ಕೆ ದ. ಅದರ ಕೆಳಗೆ ಯಾವುದೋ ಒತ್ತು. ಅ ಎಲ್ಲೋ ಮೇಲಿನ ಮೂಲೆಯಲ್ಲಿ, ಯಾರೂ ಮಾತಾಡಿಸದ ಬೀಗರಂತೆ ಕೂತಿತ್ತು. ಕನ್ನಡ ಮಾಸ್ತರನ ಎದೆಗೆ ಇದು ಸಹನೆಯಾಗುವ ನೋಟವಲ್ಲ. ಅದಕ್ಕಿಂತ ಹೆಚ್ಚಾಗಿ ಚಾಚಾನ ಕಣ್ಣಿನ ಚಿಂತೆ. ನಾಲ್ಕು ಜನರ ಮುಂದೆ ಅಕ್ಷರ ಸಿಗದೆ ಅವರು ತಡಕಾಡಿದರೆ? ಜನ ನಕ್ಕರೆ?

ಎಲ್ಲ ಮೊಳೆ ಹೊರಗೆ ಸುರುವಿದೆ. ಸೀಮೆ ಎಣ್ಣೆ ಸಿಗಲಿಲ್ಲ. ಪೇಂಟಿನ ಅಂಗಡಿಯಿಂದ ಟರ್ಪಂಟೈನು ತಂದು, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದನ್ನೇ ತಿಕ್ಕಿದೆ. ಒಣಗಿಸಿದೆ. ನಾಲ್ಕು ದಿನ ಕೂತು ಅ ಆ ಇ ಈ ಎಂದು, ಕ ಖ ಗ ಘ ಎಂದು, ಪಾಟಿಯ ಮೇಲೆ ಬರೆದಷ್ಟು ಶಿಸ್ತಾಗಿ ತುಂಬಿದೆ. ಪ್ರತಿ ಖಾನೆಗೂ ಕಪ್ಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದು ಚೀಟಿ ಅಂಟಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಅವರನ್ನ ಕೇಳೀರೇನು ಎಂದಳು. ನೋಡಿ ಖುಷಿಪಡಲಿ ಅಂತ ಹೇಳಿಲ್ಲ ಎಂದೆ. ಅವಳು ಏನೂ ಅನ್ನದೆ ಒಳಗೆ ಹೋದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಏನೂ ಅನ್ನದಿದ್ದಾಗಲೇ ನಾನು ಕಿವಿ ನಿಮಿರಿಸಬೇಕಿತ್ತು.

ಚಾಚಾ ಶನಿವಾರ ರಾತ್ರಿ ತಿರುಗಿ ಬಂದರು. ಭಾನುವಾರ ಮುಂಜಾನೆ ಕೇಸನ್ನು ಬಟ್ಟೆ ಸುತ್ತಿ ಟಂಟಂ ಗಾಡಿಯಲ್ಲಿ ಏರಿಸಿದ್ದರಿಂದ ರೋಣಕ್ಕೆ ಹೋಗುವ ತನಕ ಅವರು ಅದನ್ನು ನೋಡಲೇ ಇಲ್ಲ. ಅಲ್ಲಿಯೂ ನೋಡಲಿಲ್ಲ. ನೋಡುವ ಪದ್ಧತಿಯೇ ಅವರಿಗಿರಲಿಲ್ಲ, ಅದು ನನಗೆ ಗೊತ್ತಿರಲಿಲ್ಲ.

ವಾಚನಾಲಯದಲ್ಲಿ ಪೇಪರು ಓದುವ ಉದ್ದನೆಯ ಟೇಬಲ್ಲಿನ ಮೇಲೆ ಎಲ್ಲ ಹರವಿಕೊಂಡೆವು. ಜನ ಬಂದಿದ್ದರು, ನಾನು ಚಿಂತಿಸಿದ್ದಕ್ಕಿಂತ ಹೆಚ್ಚು. ಕಾಲೇಜಿನ ಹುಡುಗಿಯರು, ಪಿಂಚಣಿಯ ಹಿರಿಯರು, ಸಂತೆಯ ಚೀಲ ಹಿಡಿದ ಹೆಣ್ಣುಮಕ್ಕಳು. ಚಾಚಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅವರು ಒಂದು ಮೊಳೆ ಎತ್ತಿ, ಅಕ್ಷರ ಕನ್ನಡಿಯೊಳಗಿದ್ದಂತೆ ತಿರುವುಮುರುವು ಇರುವುದನ್ನು ತೋರಿಸಿದರು. ಮೊಳೆಯ ಬೆನ್ನಿಗೆ ಒಂದು ಕಚ್ಚು ಇರುತ್ತದೆ, ಬೆರಳಿಗೆ ಅದು ತಾಗಿದರೆ ಸಾಕು, ಯಾವ ಮಗ್ಗುಲು ಮೇಲೆ ಎಂದು ಕಣ್ಣಿಗೆ ಕೇಳಬೇಕಾಗಿಲ್ಲ ಎಂದರು. ಮೊಳೆ ಕೈಯಿಂದ ಕೈಗೆ ದಾಟುತ್ತ ಹೋಯಿತು. ಪ್ರತಿಯೊಬ್ಬರೂ ಹೆಬ್ಬೆರಳಿನಿಂದ ಆ ಕಚ್ಚನ್ನು ಮುಟ್ಟಿ ನೋಡಿದರು. ನಾನು ಮೊಳೆ ಕಳೆದೀತೆಂದು ಅದರ ಹಿಂದೆಯೇ ಹೊರಟಿದ್ದೆ.

ಆಮೇಲೆ ಸ್ಟಿಕ್ ಹಿಡಿದು, ನಿಮ್ಮ ಊರ ಹೆಸರು ಹೇಳ್ರಿ ಎಂದು ಚೀಲ ಹಿಡಿದ ಹೆಣ್ಣುಮಗಳನ್ನು ಕೇಳಿದರು. ಆಕೆ ಬೆಳವಣಕಿ ಎಂದಳು. ಚಾಚಾ ಆಕೆಯ ಕಡೆಗೇ ಮುಖ ಮಾಡಿ, ನಿಮ್ಮೂರ ಜನ ಕಡ್ಲಿ ರಾಶಿಯಾದ ಮ್ಯಾಲೆ ಲಗ್ನ ಇಟ್ಟಕೊಂಡು ನಮಗ ನಿದ್ದಿಗೆಡಿಸತಿದ್ರು ಎಂದು ಮಾತಾಡುತ್ತಲೇ ಇದ್ದರು. ಬಲಗೈ ಮಾತ್ರ ತನ್ನ ಪಾಡಿಗೆ ತಾನು ಕೇಸಿನ ಮೇಲೆ ಹೋಗಿ ಬಂದು, ಹೋಗಿ ಬಂದು, ಟಿಕ್ ಟಿಕ್ ಎಂದು ಮೊಳೆ ತಂದು ಕೂಡಿಸುತ್ತಿತ್ತು. ಒಂದು ಸಲವೂ ಕೆಳಗೆ ನೋಡಲಿಲ್ಲ. ಕೈ ಹಳೆಯ ಖಾನೆಗಳಿಗೇ ಹೋಗುತ್ತಿದೆ ಎಂದು ನನಗೆ ಹೊಳೆಯಿತು. ಆಗ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ದೇವರ ದಯೆಯಿಂದ ಸರಿ ಬಂದರೂ ಬರಬಹುದು ಎಂದುಕೊಂಡೆ. ಜೀವಮಾನವಿಡೀ ಕೆಟ್ಟದ್ದನ್ನೇ ನಿರೀಕ್ಷಿಸಿದವನು ಸರಿಯಾಗಿ ಆ ಒಂದು ನಿಮಿಷ ಆಶಾವಾದಿಯಾದೆ.

ಶಾಯಿ ಸವರಿ, ಕಾಗದ ಇಟ್ಟು, ಆಕೆಯ ಕೈಯಿಂದಲೇ ಹಿಡಿಕೆ ಎಳೆಸಿದರು. ಆಕೆ ಕಾಗದ ಎತ್ತಿ ನೋಡಿದಳು. ತಿರುಗಿಸಿ ನೋಡಿದಳು.

"ಇದು ಯಾವ ಊರ್ರಿ ಯಜಮಾನ್ರ?"

ಜನ ನಕ್ಕರು. ಕೆಟ್ಟ ನಗೆಯಲ್ಲ. ಊರಿನ ಹೆಸರು ಹೇಳಿದರೆ ಛ, ಞ, ಒಂದು ಒತ್ತು, ಮತ್ತೊಂದು ಒತ್ತು ಬಂದಿದ್ದರೆ ಯಾರಾದರೂ ನಗುತ್ತಾರೆ. ಚಾಚಾ ಕಾಗದ ಇಸಿದುಕೊಂಡು ಮುಖದ ಹತ್ತಿರ ಹಿಡಿದು, ತಮ್ಮ ಆ ಕೊಳವೆಯಷ್ಟು ಬೆಳಕಿಗೆ ಸಿಗುವಂತೆ ಅತ್ತಿತ್ತ ಸರಿಸಿ ಓದಿದರು. ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. ಕಾಗದಕ್ಕಿಂತ ಹೆಚ್ಚು ಹೊತ್ತು ಅದನ್ನೇ ನೋಡಿದರು. ನಂತರ ಕೇಸಿನ ಮೇಲೆ ಬಗ್ಗಿದರು. ನನ್ನ ಚೀಟಿಗಳು ಕಂಡವು.

"ಮಾಸ್ತರ, ಇದಕ್ಕ ಕೈ ಹಚ್ಚಿದವರ್ಯಾರು?"

"ನಾನ ರೀ ಚಾಚಾ."

ಬೈದಿದ್ದರೆ ಚಲೋ ಇತ್ತು. ಅವರು ಸ್ಟಿಕ್ಕನ್ನು ನನ್ನ ಕೈಯಲ್ಲಿಟ್ಟು, ಜನರ ಕಡೆ ತಿರುಗಿ, ಇವತ್ತ ನಮ್ಮ ಮಾಸ್ತರ್ರು ನಿಮಗ ಕಲಸತಾರ ಎಂದು ಹೇಳಿ, ಹೋಗಿ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತರು. ಬೆಳವಣಕಿ ಎಂಬ ಐದಕ್ಷರ ಜೋಡಿಸಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಕಾಲೇಜಿನ ಹುಡುಗಿಯರು ಚೀಟಿ ಓದಿ ಓದಿ ಮೊಳೆ ತೆಗೆದುಕೊಟ್ಟರು. ಕೊನೆಗೆ ಅಚ್ಚಾದಾಗ ಳ ತಲೆಕೆಳಗಾಗಿತ್ತು. ಆ ಹೆಣ್ಣುಮಗಳು ಅದನ್ನೇ ಮಡಚಿ ಚೀಲದಲ್ಲಿಟ್ಟುಕೊಂಡಳು.

ತಿರುಗಿ ಬರುವಾಗ ಟಂಟಂ ರಾಜೂರು ಸಮೀಪಿಸಿತ್ತು. ನಾನು ನಾಲ್ಕು ನಮೂನೆ ಕ್ಷಮೆ ಕೇಳಿ ಮುಗಿಸಿದ್ದೆ. ಕಡೆಗೆ ಅವರು ಹೊರಗಿನ ಜೋಳದ ಹೊಲದ ಕಡೆ ಮುಖ ಮಾಡಿಕೊಂಡು ಹೇಳಿದರು:

"ಕಣ್ಣ ಹೊಂಟಾವು, ಹೋಗಲಿ ಅಂದಿದ್ದೆ. ಕೈ ಐತಲ್ಲ ಅಂತ ಧೈರ್ಯ ಇತ್ತು. ಇವತ್ತ ಆ ಕಾಗದಾ ನೋಡಿ, ಕೈನೂ ಹೋತು ಅಂತ ತಿಳಕೊಂಡ್ನಿ ನೋಡ್ರಿ. ನಿಮ್ಮ ಚೀಟಿ ಕಾಣೂತನಕ." ಇಷ್ಟು ಹೇಳಿ, "ಹಿಂದಿನಂಗ ಆಗದಿದ್ರ ನಾ ನರಗುಂದಕ್ಕ ಬರೂದಿಲ್ಲ" ಎಂದರು.

ಹಿಂದಿನಂತೆ ಮಾಡುವುದು ಹೇಗೆ? ಮರುದಿನ ಸಾಲೆ ಬಿಟ್ಟಕೂಡಲೇ ಅವರ ಮನೆಗೆ ಹೋದೆ. ಹಾಳೆಯ ಮೇಲೆ ಖಾನೆಗಳ ನಕ್ಷೆ ಬರೆದುಕೊಂಡು ಹೋಗಿದ್ದೆ. ಕ ಎಲ್ಲಿ ಇರತಿತ್ರಿ ಎಂದು ಕೇಳಿದೆ. ಅವರು ಯೋಚಿಸಿದರು. ಗೊತ್ತಿಲ್ಲ ಎಂದರು. ತ? ಅದೂ ಗೊತ್ತಿಲ್ಲ. ನಲವತ್ತು ವರ್ಷ ಕೆಲಸ ಮಾಡಿದ ಕೇಸು, ಒಂದು ಅಕ್ಷರವೂ ಗೊತ್ತಿಲ್ಲವೆಂದರೆ ನನಗೆ ನಂಬಲಾಗಲಿಲ್ಲ. ಸಿಟ್ಟಿಗೆ ಹೇಳುತ್ತಿದ್ದಾರೇನೋ ಎಂದು ಮತ್ತೆ ಕೇಳಿದೆ.

"ಅಲ್ರೀ, ಊಟಕ್ಕ ಕುಂತಾಗ ಬಾಯಿ ಎಲ್ಲೈತಿ ಅಂತ ಹುಡುಕತೀರೇನು? ತುತ್ತು ತಾನ ಹೋಗತೈತಿ."

ಇದನ್ನು ಕಲಿಸಿದ ಉಸ್ತಾದರು ಗದಗಿನಲ್ಲಿದ್ದವರು, ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಒಂದೊಂದು ಪ್ರೆಸ್ಸಿನಲ್ಲಿ ಒಂದೊಂದು ರೀತಿ ತುಂಬುತ್ತಿದ್ದರಂತೆ. ಹೆಚ್ಚು ಬೇಕಾದ ಅಕ್ಷರ ಕೈಗೆ ಹತ್ತಿರ, ಅಪರೂಪದ್ದು ದೂರ, ಅದರೊಳಗೂ ಉಸ್ತಾದರ ಮರ್ಜಿ. ಬರೆದಿಟ್ಟವರು ಯಾರೂ ಇಲ್ಲ. ಆ ಕ್ರಮ ಲೋಕದಲ್ಲಿ ಎರಡೇ ಕಡೆ ಇತ್ತು, ಚಾಚಾನ ಕೈಯಲ್ಲಿ ಮತ್ತು ಕೇಸಿನಲ್ಲಿ. ಕೇಸಿನಲ್ಲಿದ್ದದ್ದನ್ನು ನಾನು ಟರ್ಪಂಟೈನು ಹಾಕಿ ತೊಳೆದಿದ್ದೆ.

ಉಪಾಯ ಹೇಳಿದ್ದು ಚಾಚಿ. ಜೀವನವಿಡೀ ಲಗ್ನಪತ್ರಿಕೆ ಮಡಚಿ, ಅಂಚಿಗೆ ಅರಿಷಿಣ ಹಚ್ಚಿ, ಲಕೋಟೆಗೆ ಹಾಕಿದ ಹೆಣ್ಣುಮಗಳು. ಚಹಾ ಇಡುತ್ತ, ಅವರನ್ನ ಕೇಳಿದ್ರ ಹೇಳಾಕ ಬರೂದಿಲ್ಲ, ಕೆಲಸಕ್ಕ ಹಚ್ರಿ ಅಂದರು. ಖಾಲಿ ಕೇಸು ಮುಂದಿಟ್ಟು, ಕೈಗೆ ಸ್ಟಿಕ್ ಕೊಟ್ಟು, ತಾವು ಲಗ್ನಪತ್ರಿಕೆಯ ಒಕ್ಕಣೆ ಬಾಯಿಪಾಠ ಹೇಳುವುದಾಗಿಯೂ, ಅವರ ಕೈ ಎಲ್ಲಿ ಹೋಗಿ ನಿಲ್ಲುತ್ತದೆಯೋ ಅಲ್ಲಿ ನಾನು ಮೊಳೆ ಇಡಬೇಕೆಂದೂ ಅಪ್ಪಣೆ ಮಾಡಿದರು. ಮೊದಲೆಲ್ಲ ಗಡಿಬಿಡಿ ಕೆಲಸವಿದ್ದಾಗ ಅವರೇ ಹಾಗೆ ಓದಿ ಹೇಳುತ್ತಿದ್ದರಂತೆ.

ನಾನು ಮೊಳೆಗಳನ್ನೆಲ್ಲ ತೆಗೆದು, ಚೀಟಿ ಕೆರೆದು, ಕೇಸನ್ನು ಖಾಲಿ ಮಾಡಿ ಇಟ್ಟೆ. ಚಾಚಾ ಅದರ ಮುಂದೆ ನಿಂತರು. ಕೂತರೆ ಕೈಗೆ ತಿಳಿಯುವುದಿಲ್ಲವಂತೆ. ಚಾಚಿ ನೆಲದ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತ, ಕಣ್ಣೆತ್ತದೆ ಸುರುಮಾಡಿದರು. ನಮ್ಮ ಜ್ಯೇಷ್ಠ ಪುತ್ರನ ವಿವಾಹವು ಗುರುಹಿರಿಯರು ನಿಶ್ಚಯಿಸಿದಂತೆ ಈ ಶುಭ ಮುಹೂರ್ತದಲ್ಲಿ ಎಂದು, ತಾವು ಸಹಕುಟುಂಬ ಸಪರಿವಾರ ಸಮೇತರಾಗಿ ಬಂದು ವಧುವರರನ್ನು ಆಶೀರ್ವದಿಸಬೇಕೆಂದು, ಒಂದು ಪದ ತಪ್ಪದೆ. ನನ್ನ ಸ್ವಂತ ಮದುವೆಯ ಪತ್ರಿಕೆ ನನಗೆ ಅಷ್ಟು ನೆನಪಿಲ್ಲ.

ಮೊದಲ ಸಾಲಿಗೆ ಕೈ ಏಳಲೇ ಇಲ್ಲ. ರೋಣದ ಹೆದರಿಕೆ ಅದರಲ್ಲಿ ಇನ್ನೂ ಕೂತಿತ್ತು. ಚಾಚಾ ಕೇಸನ್ನು ನೋಡುತ್ತ, ಎಲ್ಲಿ ಎಂದು ಯೋಚಿಸುತ್ತ ನಿಂತರು. ಚಾಚಿ ಹೇಳುವುದನ್ನು ನಿಲ್ಲಿಸಿ, ಹೋದ ವಾರ ಬೀಗರ ಮನೆಯಲ್ಲಿ ಕೊಟ್ಟ ಖಾರಾ ಭಾಜಿಯ ವಿಷಯ ತೆಗೆದು, ಅದಕ್ಕೆ ಉಪ್ಪು ಹೆಚ್ಚಾಗಿತ್ತೋ ಇಲ್ಲೋ ಎಂದು ಜಗಳ ತೆಗೆದರು. ಚಾಚಾ ಹೆಚ್ಚಾಗಿರಲಿಲ್ಲ ಎಂದು ವಾದಿಸತೊಡಗಿದರು. ಮಧ್ಯದಲ್ಲೇ ಚಾಚಿ ಅದೇ ದನಿಯಲ್ಲಿ ನಮ್ಮ ಜ್ಯೇಷ್ಠ ಪುತ್ರನ ಎಂದು ಸೇರಿಸಿದರು. ಕೈ ಎದ್ದಿತು. ಬಲಕ್ಕೆ ಹೋಯಿತು, ಒಂದು ಖಾನೆಯಲ್ಲಿ ಬೆರಳು ಊರಿತು, ಸ್ಟಿಕ್ಕಿಗೆ ಬಂತು, ಮತ್ತೆ ಹೋಯಿತು. ಬೆರಳ ತುದಿಯಲ್ಲಿ ಏನೂ ಇರಲಿಲ್ಲ. ನಾನು ಮೊಳೆ ಹಿಡಿದು ಅದರ ಹಿಂದೆ ಓಡಿದೆ.

ಹೀಗೆ ಎಂಟು ಸಂಜೆ, ಸಿಕ್ಕ ಅಕ್ಷರವನ್ನು ನಕ್ಷೆಯಲ್ಲೂ ಗುರುತು ಹಾಕಿಕೊಳ್ಳುತ್ತ. ನನ್ನ ವರ್ಣಮಾಲೆಯಿಂದ ಆದ ಉಪಕಾರ ಒಂದೇ: ನಾನು ಮೊಳೆಗಳನ್ನು ಅಕ್ಷರವಾರು ಪುಡಿಕೆ ಕಟ್ಟಿ ಇಟ್ಟಿದ್ದರಿಂದ ಬೇಕಾದದ್ದು ಲಗೂನೆ ಸಿಗುತ್ತಿತ್ತು. ಇದನ್ನು ನಾನು ಎರಡು ಸಲ ಎತ್ತಿ ಹೇಳಿದೆ. ಎರಡೂ ಸಲ ಚಾಚಿ ಮುಂದಿನ ಸಾಲಿಗೆ ಹೋದರು. ಲಗ್ನಪತ್ರಿಕೆ ಮುಗಿದ ಮೇಲೆ ಸಿಗದ ಅಕ್ಷರಗಳಿಗಾಗಿ ಬೇರೆ ಬೇರೆ ಕಾಗದ ನೆನಪಿಸಿಕೊಂಡೆವು. ಠ ಸಿಕ್ಕಿದ್ದು ವೈಕುಂಠ ಸಮಾರಾಧನೆಯಲ್ಲಿ. ಘ ಸಿಕ್ಕಿದ್ದು ಸಹಕಾರಿ ಸಂಘದ ಚುನಾವಣೆಯ ಹ್ಯಾಂಡ್‌ಬಿಲ್ಲಿನಲ್ಲಿ. ನರೇಗಲ್ಲಿನ ಒಬ್ಬ ವ್ಯಾಪಾರಿಯ ಗೊಬ್ಬರದ ಜಾಹೀರಾತಿನಿಂದ ಎರಡು ಒತ್ತು ಬಂದವು. ಝ ಕೊನೆಗೂ ಬರಲಿಲ್ಲ. ಅದನ್ನು ಯಾರು ಕೇಳತಾರ ಬಿಡ್ರಿ ಎಂದು ಚಾಚಾ ಒಂದು ಖಾಲಿ ಖಾನೆಗೆ ಹಾಕಿಸಿದರು. ಕೇಳಿಬಿಟ್ಟರೆ ಎಂದು ನಾನು ಎರಡು ದಿನ ಕೊರಗಿದೆ. ಯಾರೂ ಇನ್ನೂ ಕೇಳಿಲ್ಲ.

ನರಗುಂದದಲ್ಲಿ ಒಂದು ಸಾಲೆಯ ಪಡಸಾಲೆಯಲ್ಲಿ ಟೇಬಲ್ಲು ಹಾಕಿದ್ದರು. ಹಿಂದೆ ಗುಡ್ಡ ಕಾಣುತ್ತಿತ್ತು, ಗಾಳಿ ಚಲೋ ಇತ್ತು, ಕಾಗದ ಹಾರೀತೆಂದು ನಾನು ಕಲ್ಲು ಆರಿಸಿ ತಂದಿಟ್ಟೆ. ಚಾಚಾ ರೋಣದಲ್ಲಿ ಆದದ್ದನ್ನು ಮೊದಲೇ ಜನರಿಗೆ ಹೇಳಿಬಿಟ್ಟರು, ನನ್ನ ಚೀಟಿಗಳ ಸಮೇತ. ಜನ ನನ್ನನ್ನು ನೋಡಿ ನಕ್ಕರು. ನನಗೆ ಹಗುರಾಯಿತು.

ಚಾಚಾ ಮುಂದೆ ನಿಂತಿದ್ದ ರೈತರೊಬ್ಬರನ್ನು ಕರೆದು ಏನು ಜೋಡಿಸಲಿ ಎಂದು ಕೇಳಿದರು. ಆತ ಯೋಚಿಸಿ, ಬಿಳಿಜೋಳ ಅಂತ ಜೋಡಿಸ್ರಿ ಎಂದರು. ಚಾಚಾನ ಕೈ ಕೇಸಿನ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅವರು ಆ ರೈತರಿಗೆ, ಈ ವರ್ಷ ತೆನಿ ಹ್ಯಾಂಗ ಬಿದ್ದಾವ್ರಿ ಎಂದು ಕೇಳಿದರು. ಆತ ಹೇಳತೊಡಗಿದರು. ಟಿಕ್, ಟಿಕ್, ಟಿಕ್.

ಹಿಡಿಕೆ ಎಳೆದವರು ರೈತರೇ. ಕಾಗದ ಎತ್ತಿದಾಗ ಚಾಚಾ ಅದನ್ನು ಇಸಿದುಕೊಳ್ಳಲು ಕೈ ಚಾಚಲಿಲ್ಲ. ಮುಖ ಸ್ವಲ್ಪ ಓರೆ ಮಾಡಿ, ಕಿವಿಯನ್ನು ಆತನ ಕಡೆ ಕೊಟ್ಟು ನಿಂತರು. ರೈತರು ಶಾಯಿ ಆರಲೆಂದು ಊದಿ, ಸಾವಕಾಶ ಓದಿದರು.

"ಬಿ, ಳಿ, ಜೋ, ಳ."

"ಖರೇನ?"

"ಖರೇನ ರೀ. ನೋಡ್ರಿಲ್ಲೆ."

ಚಾಚಾ ನೋಡಲಿಲ್ಲ. ಸ್ಟಿಕ್ಕನ್ನು ರೈತರ ಎಡಗೈಯಲ್ಲಿಟ್ಟು, ಅವರ ಹೆಬ್ಬೆರಳನ್ನು ಹಿಡಿದು ಮೊಳೆಯ ಮೇಲೆ ಒತ್ತಿಸಿ, ಸಡಿಲ ಬಿಡಬ್ಯಾಡ್ರಿ, ಬಿದ್ದು ಹೋಗತಾವು ಎಂದರು. ಆ ರೈತರ ನಂತರ ಒಬ್ಬ ಟೀಚರಮ್ಮ, ಆಮೇಲೆ ಇಬ್ಬರು ಅಕ್ಕತಂಗಿಯರು, ಮತ್ತೆ ಮತ್ತೆ ಯಾರ್ಯಾರೋ. ಮಧ್ಯಾಹ್ನದ ತನಕ ಸ್ಟಿಕ್ ಚಾಚಾನ ಕೈಗೆ ತಿರುಗಿ ಬರಲೇ ಇಲ್ಲ. ಊರ ಹೆಸರು, ಹೊಲದ ಹೆಸರು, ಎಮ್ಮೆಯ ಹೆಸರು, ಎಲ್ಲ ಅಚ್ಚಾಗಿ ಗೋಡೆಯ ದಾರದ ಮೇಲೆ ಒಣಗಿದವು.

ಅಚ್ಚು ಹಾಕಿದ ಮೇಲೆ ಮೊಳೆಗಳನ್ನು ಬಿಚ್ಚಿ ತಿರುಗಿ ಆಯಾ ಖಾನೆಗೆ ಹಾಕಬೇಕು. ಕಸುಬು ಕಲಿಯುವವರ ಮೊದಲ ಪಾಠವೇ ಅದು ಎಂದು ಚಾಚಾ ಹೇಳಿ, ಇದನ್ನ ನಮ್ಮ ಮಾಸ್ತರ್ರು ತೋರಸತಾರ ಅಂದರು. ಈ ಸಲ ಶಿಕ್ಷೆಯ ದನಿ ಇರಲಿಲ್ಲ. ನಕ್ಷೆ ಮನೆಯಲ್ಲೇ ಉಳಿದಿತ್ತು. ಜನ ಸುತ್ತ ನಿಂತಿದ್ದರು. ಟೀಚರಮ್ಮ ಏನೋ ಕೇಳಿದರು, ಎಷ್ಟು ವರ್ಷದಿಂದ ಈ ಕೆಲಸದಾಗ ಇದ್ದೀರಿ ಅಂತ. ನಾನು ಕಸುಬಿನವನಲ್ಲ, ಕನ್ನಡ ಮಾಸ್ತರ ಎಂದು ಅವರಿಗೆ ಬಿಡಿಸಿ ಹೇಳುತ್ತಿದ್ದೆ. ಹೇಳಿ ಮುಗಿಸುವಾಗ ನೋಡಿದರೆ ಕೈಯಲ್ಲಿದ್ದ ರ ಇರಲಿಲ್ಲ. ಎಲ್ಲೋ ಹಾಕಿಬಿಟ್ಟಿದ್ದೆ.

ಕೈ ಅಲ್ಲಿಯೇ ನಿಂತಿತು.

"ಯಾಕ ನಿಂತ್ರಿ?" ಎಂದರು ಚಾಚಾ, ಮಗ್ಗುಲಿನ ಕುರ್ಚಿಯಿಂದ. ಅವರು ಗುಡ್ಡದ ಕಡೆ ಮುಖ ಮಾಡಿ ಕೂತಿದ್ದರು. "ಸರಿ ಬಿತ್ತು. ತುಂಬಿದ ಖಾನ್ಯಾಗ ಬಿದ್ದ ಸಪ್ಪಳ ಬ್ಯಾರೆ ಇರತೈತಿ. ಮುಂದಿಂದು ಹಾಕ್ರಿ."

ಅಷ್ಟು ಭರವಸೆಯಿಂದ ಹೇಳಿದ ಮೇಲೂ ನಾನು ಚಾಚಾಗೆ ತಿಳಿಯದಂತೆ ಬಗ್ಗಿ ನೋಡಿದೆ. ರ ತನ್ನ ಖಾನೆಯಲ್ಲಿ, ಉಳಿದ ರಗಳ ಮೇಲೆ ಬಿದ್ದಿತ್ತು.